ತಟ್ಟೆಯಲ್ಲಿ ಹಸಿರು ಬೀನ್ಸ್

ಅಡುಗೆಯ ಶಮಶೇರಸಾಬನ ತಲೆಯನ್ನು ಯಾರೋ ಅವನದೇ ಪ್ಯಾನಿನಿಂದ ಒಡೆದಿದ್ದರು. ಒಂದೇ ಏಟಲ್ಲ. ಮೂರೋ ನಾಲ್ಕೋ. ಸಾಲದೆಂದು ಈರುಳ್ಳಿ ಹೆಚ್ಚುವ ಚಾಕುವನ್ನು ಕುತ್ತಿಗೆಗೆ ಇಳಿಸಿದ್ದರು. ರಕ್ತ ಗ್ರೈಂಡರಿನ ಕೆಳಗೆ ಹರಿದು ಮೋರಿಯ ಜಾಲರಿಯ ಮೇಲೆ ಕಟ್ಟಿಕೊಂಡಿತ್ತು.

ಬ್ಯಾಡಗಿ ಠಾಣೆಯ ಪಿಎಸ್‌ಐ ನಿರ್ಮಲಾ ಬಂದಾಗ ಎಂಟೂ ನಲವತ್ತು. ಅದು ಮೆಣಸಿನಕಾಯಿ ರಫ್ತು ಮಾಡುವ ಪ್ರಭುಲಿಂಗಪ್ಪನವರ ಗೆಸ್ಟ್‌ಹೌಸ್. ಹಿತ್ತಿಲ ಬಾಗಿಲ ಬಳಿ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತಿದ್ದಳು. ಮೊಣಕೈವರೆಗೂ ರಕ್ತ. ಎದುರಿಗೆ ಚಾಕು.

"ಯಾರಿಕಿ?"

"ಸತ್ತಾಂವನ ಸೊಸಿ ರೀ ಮೇಡಂ, ದಿಲನಾಜ," ಅಂದ ಹೆಡ್ ಕಾನ್‌ಸ್ಟೇಬಲ್ ದಾದಾಸಾಬ. "ಗಂಡ ಸತ್ತು ಎರಡು ವರ್ಷಾತು. ಇಲ್ಲೇ ಮಾವಗ ಅಡಿಗ್ಯಾಗ ಕೈ ಜೋಡಸತಿದ್ಲು. ದಿನಾ ಕಾಗಿನೆಲಿ ಬಸ್ಸಿಗೆ ಬರತಾಳ."

"ಚಾಕು ನಾನ ಕಿತ್ತೇನ್ರಿ," ಅಂದಳು ದಿಲನಾಜ. "ಉಸರ ಇರಬಹುದು ಅಂತ."

ಪಕ್ಕದ ಊಟದ ಕೋಣೆಯಲ್ಲಿ ಮೇಜಿನ ಮೇಲೆ ಅರ್ಧ ತಿಂದ ತಟ್ಟೆ. ಕರಿದ ಮೊಟ್ಟೆ, ಚಿಕನ್ ಸಾಸೇಜು, ಹೋಳು ಮಾಡಿ ಹುರಿದ ಟೊಮೆಟೊ, ಅಣಬೆ, ಬ್ರೆಡ್ಡು. ಒಂದು ಬದಿಗೆ ಸಣ್ಣಗೆ ಹೆಚ್ಚಿದ ಹಸಿರು ಬೀನ್ಸ್, ಮುಟ್ಟದೆ ಬಿಟ್ಟಿದ್ದು. ತಿಂದವನು ಹಾಲಿಸ್ ಅನ್ನುವ ಇಂಗ್ಲೆಂಡಿನ ವ್ಯಾಪಾರಿ. ಮೆಣಸಿನಕಾಯಿ ಕೊಳ್ಳಲು ಬಂದು ಐದು ದಿನ ಆಗಿತ್ತು. ಹತ್ತು ಗಂಟೆಗೆ ಪ್ರಭುಲಿಂಗಪ್ಪನವರ ಜೊತೆ ಕರಾರಿಗೆ ಸಹಿ ಹಾಕುವುದಿತ್ತು.

* * *

ಲೆಕ್ಕ ಸರಳವಾಗಿ ಕಾಣುತ್ತಿತ್ತು. ಸಾಹೇಬ ಎಂಟಕ್ಕೆ ನಾಷ್ಟಾಕ್ಕೆ ಕೂತ. ಅಂದರೆ ಅಡುಗೆಯವನು ಎಂಟರ ಸುಮಾರಿಗೆ ಬದುಕಿದ್ದ. ದಿಲನಾಜ ಗೇಟು ದಾಟಿ ಹಿತ್ತಿಲ ಕಡೆ ಹೋದದ್ದು ಎಂಟೂ ಐದಕ್ಕೆ. ಕಿರುಚಿದ್ದು ಎಂಟೂ ಕಾಲಿಗೆ. ನಡುವೆ ಮತ್ತಾರೂ ಬಂದಿಲ್ಲ ಅಂತ ಗೇಟಿನ ಕಾವಲುಗಾರ ಹೇಳಿದ.

ಠಾಣೆಗೆ ಬಂದ ಶಮಶೇರಸಾಬನ ಹೆಂಡತಿ ಮಕ್ತುಮಬಿ ಉಳಿದದ್ದನ್ನೂ ಹೇಳಿಬಿಟ್ಟಳು.

"ನಿನ್ನಿ ಜಗಳ ಆಡ್ಯಾಳ್ರಿ. ಹಾವೇರ್ಯಾಗ ಹೋಟೆಲ್ ಕೆಲಸಕ್ಕ ಹೋಗತೇನಿ ಅಂದ್ಲು. ಇಂವಾ ಬ್ಯಾಡ ಅಂದ. ನೀವು ಸತ್ತ ಮ್ಯಾಲರ ಬಿಡತೀರೇನು ಅಂದ್ಲು. ಇಡೀ ಓಣಿ ಕೇಳೇತಿ." ಆಮೇಲೆ ಬೆಂಚಿನ ಮೇಲಿದ್ದ ಸೊಸೆಯ ಕಡೆ ತಿರುಗಿದಳು. "ಮೊದಲ ನನ್ನ ಮಗನ್ನ ತಿಂದಿ. ಈಗ ಇವನ್ನ. ನನ್ನೂ ಕೊಂದಬಿಡ."

ದಿಲನಾಜಳ ಕೈಗೆ ಬೇಡಿ ಬಿದ್ದಿತ್ತು. ಸಂಜೆಯೊಳಗೆ ಕೋರ್ಟಿಗೆ ಹಾಜರುಪಡಿಸಿ ಅಂತ ಮೇಲಿನವರ ಫೋನೂ ಬಂದಿತ್ತು.

ನಿರ್ಮಲಾ ಕುರ್ಚಿ ಎಳೆದು ಅವಳೆದುರು ಕೂತಳು.

"ಮಾವಾರು ನಿನ್ನಿ ಹ್ಯಾಂಗಿದ್ರು?"

"ಸಿಟ್ಟಿನ್ಯಾಗಿದ್ರು. ನನ್ನ ಮ್ಯಾಲಲ್ಲ. ಫ್ಯಾಕ್ಟರಿಯಿಂದ ಸ್ಯಾಂಪಲ್ ಖಾರದಪುಡಿ ತಂದು ಸಾಹೇಬರ ಅಡಿಗಿಗೆ ಹಾಕಿದ್ರು. ಬಣ್ಣ ಅಂಗೈಗೆ ಹತ್ತಿತು. ಸಬಕಾರ ಹಚ್ಚಿ ತಿಕ್ಕಿದ್ರೂ ಹೋಗಲಿಲ್ಲ. ಮ್ಯಾನೇಜರ್ ರುದ್ರಮುನಿಯವರಿಗೆ ಫೋನ್ ಮಾಡಿ, ನಾಳೆ ನಾಷ್ಟಾದಾಗ ಸಾಹೇಬರಿಗೆ ಎಲ್ಲಾ ಹೇಳತೇನಿ ಅಂದ್ರು."

"ಏನ ಹೇಳತೇನಿ ಅಂದ್ರು?"

"ಗೊತ್ತಿಲ್ರಿ. ನಾ ನನ್ನ ಕೆಲಸದ ಚಿಂತ್ಯಾಗ ಇದ್ದೆ."

* * *

ಹಾಲಿಸ್ ಗೆಸ್ಟ್‌ಹೌಸಿನ ಪಡಸಾಲೆಯಲ್ಲಿ ಕೂತಿದ್ದ. ನಿರ್ಮಲಾ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೇಳಿದಳು.

"ನಾಷ್ಟಾ ಯಾರು ಬಡಿಸಿದರು?"

"ಯಾರೂ ಇಲ್ಲ. ಕೆಳಗೆ ಬಂದಾಗ ತಟ್ಟೆ ಮುಚ್ಚಿಟ್ಟಿತ್ತು. ಆರಿಹೋಗಿತ್ತು. ಮೊಟ್ಟೆಯಲ್ಲಿ ಸಿಪ್ಪೆ ಬೇರೆ. ಅವನು ಹಾಗೆ ಮಾಡುವವನೇ ಅಲ್ಲ. ದುಬೈ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ನಮ್ಮವರಿಗೆ ಅಡುಗೆ ಮಾಡಿದ್ದನಂತೆ. ಮೊದಲ ದಿನವೇ ಹೇಳಿಬಿಟ್ಟ, ಹಂದಿ ಮುಟ್ಟುವುದಿಲ್ಲ, ರಕ್ತದ ಕರಿ ಪುಡಿಂಗ್ ಕೇಳಲೇಬೇಡಿ, ಉಳಿದದ್ದರಲ್ಲಿ ತಪ್ಪು ಕಂಡರೆ ಕಿವಿ ಹಿಂಡಿ ಅಂತ. ತಪ್ಪು ಕಾಣಲಿಲ್ಲ. ಇವತ್ತಿನವರೆಗೆ."

"ಇವತ್ತೇನು?"

"ಬೀನ್ಸ್. ನಮ್ಮ ಇಂಗ್ಲಿಷ್ ನಾಷ್ಟಾದ ತಟ್ಟೆಯಲ್ಲಿ ಏನಿರಬೇಕು ಅಂತ ನಮ್ಮಲ್ಲಿ ಮನೆಮನೆಗೂ ಜಗಳ. ಆಲೂಗಡ್ಡೆ ಬೇಕು ಅಂತ ಕೆಲವರು, ಬೇಡ ಅಂತ ಕೆಲವರು. ಹಸಿರು ಬೀನ್ಸಿಗಾಗಿ ಮಾತ್ರ ಯಾರೂ ಜಗಳ ಆಡಿಲ್ಲ. ನಮಗೆ ಬೀನ್ಸ್ ಅಂದರೆ ಕಾಳು. ಟೊಮೆಟೊ ರಸದಲ್ಲಿ ಬೇಯಿಸಿದ್ದು. ನಾಲ್ಕು ದಿನವೂ ಅವನು ಅದನ್ನೇ ಕೊಟ್ಟ, ರಾಜಮಾ ಕಾಳು ನೆನೆಹಾಕಿ."

ನಿರ್ಮಲಾ ಎದ್ದು ಅಡುಗೆಮನೆಗೆ ಹೋದಳು. ಒಲೆಯ ಹಿಂದಿನ ಪಾತೇಲಿಯ ಮುಚ್ಚಳ ತೆಗೆದಳು. ರಾಜಮಾ ಟೊಮೆಟೊ ರಸದಲ್ಲಿ ಬೆಂದು ತಯಾರಾಗಿತ್ತು. ಬಡಿಸುವುದೊಂದೇ ಬಾಕಿ. ಬಡಿಸಿದವನಿಗೆ ಅದು ಬೀನ್ಸ್ ಅಂತ ಗೊತ್ತಿರಲಿಲ್ಲ.

ಪ್ಯಾನು ಒಲೆಯ ಪಕ್ಕದಲ್ಲೇ ಇತ್ತು. ಒಳಗೆ ಎಣ್ಣೆ, ಮೊಟ್ಟೆಯ ಚೂರು. ಅವಳು ಕೈಗವಸು ಹಾಕಿ ಅದನ್ನು ಬೋರಲು ಮಾಡಿದಳು. ತಳಕ್ಕೆ ಕೂದಲು ಅಂಟಿದ್ದವು. ರಕ್ತವೂ ಇತ್ತು, ಆದರೆ ನೆಲದ ಮೇಲಿನಂತೆ ಒಣಗಿದ್ದಲ್ಲ. ಸೀದು, ಉಬ್ಬಿ, ಕರ್ರಗೆ ಹೊಪ್ಪಳಿಕೆ ಎದ್ದಿತ್ತು. ಇಪ್ಪತ್ತು ವರ್ಷ ಪಾತ್ರೆ ತಿಕ್ಕಿದ ಕೈ ಅವಳದು. ಒಣಗಿದ್ದಕ್ಕೂ ತಳ ಹತ್ತಿದ್ದಕ್ಕೂ ಇರುವ ವ್ಯತ್ಯಾಸ ಯಾರೂ ಹೇಳಿಕೊಡಬೇಕಿರಲಿಲ್ಲ.

"ದಾದಾಸಾಬ, ಇಲ್ಲಿ ನೋಡ್ರಿ. ತಲಿಗೆ ಹೊಡದ ಮ್ಯಾಲೆ ಈ ಪ್ಯಾನು ಒಲಿ ಮ್ಯಾಲೆ ಹೋಗೇತಿ."

ದಾದಾಸಾಬ ಬಗ್ಗಿ ನೋಡಿದ. "ಅಂದ್ರ ಸಾಹೇಬ ತಿಂದ ಮೊಟ್ಟಿ…"

"ಹೂಂ. ಕೊಂದಾಂವನ ಮಾಡ್ಯಾನ. ಹೆಣಾ ದಾಟಿ ದಾಟಿ ಅಡಿಗಿ ಮಾಡ್ಯಾನ. ಸಾಹೇಬ ಕೂತದ್ದು ಎಂಟಕ್ಕ. ಅಷ್ಟೊತ್ತಿಗೆ ತಟ್ಟಿ ಆರಿತ್ತು. ದಿಲನಾಜ ಆಗ ಬಸ್ಸಿನ್ಯಾಗಿದ್ಲು."

"ಹಂಗಾರ ಯಾರು?"

"ಈ ತಟ್ಟಿ ಒಮ್ಮಿನೂ ಕಣ್ಣಿಲೆ ಕಾಣದಾಂವ. ದಿಲನಾಜ ದಿನಾ ಆ ತಟ್ಟಿ ತಗದು ತೊಳದಾಳ. ಕಾವಲುಗಾರ ಉಳದದ್ದು ತಿಂದಾನ. ಪ್ರಭುಲಿಂಗಪ್ಪ ಎರಡು ದಿನ ಸಾಹೇಬನ ಎದುರಿಗೇ ಕೂತು ಚಹಾ ಕುಡದಾರ." ಅವಳು ಫ್ರಿಜ್ ತೆಗೆದಳು. ತಳದ ಡಬ್ಬಿಯಲ್ಲಿ ಬಾಡಿದ ಹಸಿರು ಬೀನ್ಸ್ ಇನ್ನೂ ಒಂದು ಹಿಡಿ ಉಳಿದಿದ್ದವು. "ಇವನ್ನ ತಂದಾಂವ ಯಾರು ಕೇಳ್ರಿ."

ಕಾವಲುಗಾರ ಕೇಳುವ ಮೊದಲೇ ಹೇಳಿದ. "ಮ್ಯಾನೇಜರ್ ಸಾಹೇಬ್ರು ರೀ. ಮೊದಲನೇ ದಿನ ಇಂಗ್ಲೆಂಡಿಂದ ಚೀಟಿ ಬಂದಿತ್ತು, ತಟ್ಟ್ಯಾಗ ಏನೇನ ಇರಬೇಕು ಅಂತ. ಅದನ್ನ ನೋಡಿ ರಾಣೆಬೆನ್ನೂರಿಂದ ಸಂತಿ ಮಾಡಕೊಂಡ ಬಂದ್ರು. ಅವ್ರು ಹೋದ ಮ್ಯಾಲೆ ಶಮಶೇರಚಾಚಾ ಇವನ್ನ ನೋಡಿ ನಕ್ಕದ್ದ ನಕ್ಕದ್ದು."

"ಇವತ್ತ ಮ್ಯಾನೇಜರ್ ಬಂದಿದ್ರೇನು?"

"ರಾತ್ರಿ ಇಲ್ಲೇ ಆಫೀಸ್ ರೂಮಿನ್ಯಾಗ ಮಲಗಿದ್ರಲ್ರಿ. ಏಳೂ ಇಪ್ಪತ್ತಕ್ಕ ಹೊರಗ ಹೋದ್ರು. ಬಂದವರ ಹೆಸರು ಕೇಳಿದ್ರಿ, ಹೇಳಿದೆ. ಹೋದವರದ್ದು ನೀವು ಕೇಳಲಿಲ್ಲ."

* * *

ಫ್ಯಾಕ್ಟರಿ ಆಫೀಸಿನಲ್ಲಿ ರುದ್ರಮುನಿ ಮೇಜಿನ ಹಿಂದೆ ಕೂತಿದ್ದ. ಎದುರಿಗೆ ಸ್ಯಾಂಪಲ್ ಚೀಲಗಳು ಬಾಯಿ ಬಿಚ್ಚಿಕೊಂಡಿದ್ದವು. ಏಪ್ರಿಲ್ ಸೆಕೆಯಲ್ಲಿ ಅವನು ತುಂಬುತೋಳಿನ ಅಂಗಿಯ ಮಣಿಕಟ್ಟಿನ ಗುಂಡಿಯನ್ನೂ ಹಾಕಿದ್ದ. ಪ್ರಭುಲಿಂಗಪ್ಪ ಕಿಟಕಿಯ ಬಳಿ ನಿಂತಿದ್ದರು.

"ಏಳೂವರಿಯಿಂದ ಇಂವಾ ನನ್ನ ಕೂಡನ ಮಾರ್ಕೆಟ್ಟಿನ್ಯಾಗಿದ್ದಾನ್ರಿ," ಅಂದರು ಅವರು.

"ಗೊತ್ತೈತ್ರಿ. ಅದಕ್ಕಿಂತ ಮೊದಲು?"

"ನಾ ಮೊಟ್ಟಿ ವಾಸನಿನೂ ತಡಕೊಳ್ಳಾಂವಲ್ಲ ಮೇಡಂ," ಅಂದ ರುದ್ರಮುನಿ. "ಆ ಸಾಹೇಬ ಬಂದಾಗಿಂದ ಅಡಿಗಿಮನಿ ಹೊಸ್ತಲಾ ತುಳದಿಲ್ಲ. ಯಾರನ್ನರ ಕೇಳ್ರಿ."

"ಕೇಳೇನಿ. ಎಲ್ಲಾರೂ ಹಂಗ ಅಂದ್ರು. ಆ ನಾಷ್ಟಾದಾಗ ಬೀನ್ಸ್ ಇರತಾವಂತ, ಹ್ಯಾಂಗಿರತಾವ ಅವು?"

"ಹ್ಯಾಂಗಿರತಾವ ಅಂದ್ರ? ಹಸರ ಇರತಾವ."

ಪ್ರಭುಲಿಂಗಪ್ಪ ತಿರುಗಿ ನೋಡಿದರು. "ಇಲ್ಲಲೇ, ಅವು ಕೆಂಪು ಕಾಳು. ರಸದಾಗ ಇರತಾವು."

ರುದ್ರಮುನಿ ಕುರ್ಚಿ ಹಿಂದಕ್ಕೆ ಸರಿಸಿದ.

"ಅಂಗಿ ತೋಳು ಏರಸ್ರಿ," ಅಂದಳು ನಿರ್ಮಲಾ. "ಮೊಟ್ಟಿ ಒಡೀಲಾರದಾಂವ ಮೊದಲನೇ ಸಲ ಒಡದ್ರ ಸಿಪ್ಪಿ ಬೀಳತೈತಿ. ಎಣ್ಣಿ ಸಿಡೀತೈತಿ. ಕೈ ನೋಡೂಣು."

ರುದ್ರಮುನಿಯ ಕೈ ಗುಂಡಿಗೆ ಹೋಗಲಿಲ್ಲ. ಚೀಲಕ್ಕೆ ಹೋಯಿತು. ಹಿಡಿ ತುಂಬ ಖಾರದಪುಡಿ ಅವಳ ಮುಖಕ್ಕೆ ಬಡಿಯಿತು.

ಕಣ್ಣಿಗೆ ಕೆಂಡ ಇಟ್ಟಂತಾಯಿತು. ಅವಳು ಕುರುಡಾಗಿ ಮುಂದೆ ಬಿದ್ದು, ಸಿಕ್ಕಿದ್ದನ್ನು ಹಿಡಿದಳು. ಅಂಗಿಯ ಕಾಲರ್. ಅವನು ಚೀಲ ಹೊಲಿಯುವ ದಬ್ಬಣ ತೆಗೆದು ಅವಳ ಭುಜಕ್ಕೆ ಚುಚ್ಚಿದ. ಮತ್ತೊಮ್ಮೆ ಚುಚ್ಚಿದ. ಅವಳು ಬಿಡಲಿಲ್ಲ. ದಾದಾಸಾಬನ ಲಾಠಿ ಅವನ ಮೊಣಕೈ ಮೇಲೆ ಬಿದ್ದು ಮೂಳೆ ಲಟ್ಟೆಂದಿತು. ಕೆಳಗೆ ಬಿದ್ದವನ ಅಂಗಿಯ ತೋಳು ಹರಿಯಿತು. ಮಣಿಕಟ್ಟಿನಿಂದ ಮೇಲಕ್ಕೆ ಸಣ್ಣ ಸಣ್ಣ ಬೊಬ್ಬೆಗಳು, ಎಣ್ಣೆ ಹಾರಿದಲ್ಲೆಲ್ಲ.

* * *

ಹಾವೇರಿ ಜಿಲ್ಲಾಸ್ಪತ್ರೆಯಲ್ಲಿ, ಭುಜಕ್ಕೆ ಹೊಲಿಗೆ ಹಾಕಿಸಿಕೊಳ್ಳುತ್ತಲೇ ನಿರ್ಮಲಾ ರುದ್ರಮುನಿ ಬಾಯಿ ಬಿಟ್ಟದ್ದನ್ನು ಪ್ರಭುಲಿಂಗಪ್ಪನವರಿಗೆ ಬಿಡಿಸಿ ಹೇಳಿದಳು. ಹಿಂದಿನ ವರ್ಷದ ಬಣ್ಣಗೆಟ್ಟ ಕಾಯಿಯನ್ನು ರುದ್ರಮುನಿ ಗುಟ್ಟಾಗಿ ಪುಡಿ ಮಾಡಿಸಿ, ಬಟ್ಟೆಗೆ ಹಾಕುವ ಬಣ್ಣ ಬೆರೆಸಿದ್ದ. ಶಮಶೇರಸಾಬನ ಅಂಗೈ ಅದನ್ನು ಹಿಡಿದಿತ್ತು. ನಾಷ್ಟಾದ ಹೊತ್ತಿಗೆ ಸಾಹೇಬನಿಗೆ ಹೇಳುತ್ತಾನೆಂದು ಏಳಕ್ಕೇ ಅವನನ್ನು ಮುಗಿಸಿದ. ಆದರೆ ನಾಷ್ಟಾ ಬರದಿದ್ದರೆ ಸಾಹೇಬ ಅಡುಗೆಮನೆಗೆ ಹೋಗುತ್ತಾನೆ, ಕರಾರು ಮುರಿಯುತ್ತದೆ. ನಾಷ್ಟಾ ಬಂದರೆ ಸಾಹೇಬ ತಿಂದು ಹೊರಡುತ್ತಾನೆ, ಅಡುಗೆಯವನು ಎಂಟರವರೆಗೆ ಬದುಕಿದ್ದ ಅಂತಲೂ ಆಗುತ್ತದೆ. ಆಮೇಲೆ ಬರುವವಳು ಸೊಸೆ ಒಬ್ಬಳೇ. ಹಾಗಾಗಿ ಚೀಟಿ ಎದುರಿಗಿಟ್ಟುಕೊಂಡು, ಅದರಲ್ಲಿ ಬರೆದದ್ದನ್ನೆಲ್ಲ ಮಾಡಿದ.

"ಓದಿದ್ದನ್ನ ಮಾಡಿದ," ಅಂದಳು ನಿರ್ಮಲಾ. "ನೋಡಿದ್ರ ತಪ್ಪತಿರಲಿಲ್ಲ. ನೋಡಿಲ್ಲ ಅನ್ನೂದ ಅವನ ಸಾಕ್ಷಿ ಆಗಿತ್ತು, ನಮಗೂ ಅದ ಸಾಕ್ಷಿ ಆತು."

ಅಲ್ಲೇ ಶವಾಗಾರದ ಹೊರಗೆ, ಠಾಣೆಯಿಂದ ಕರೆತಂದ ದಿಲನಾಜಳ ಬೇಡಿ ಬಿಚ್ಚಿದರು. ಅವಳು ಬೆಂಚಿನಿಂದ ಏಳಲಿಲ್ಲ.

"ನಾ ಎಲ್ಲಿ ಹೋಗಲಿ ಈಗ? ಆ ಮನಿಗೆ ಹ್ಯಾಂಗ ಹೋಗಲಿ?"

ದಾದಾಸಾಬ ಅಷ್ಟರಲ್ಲಿ ಮಕ್ತುಮಬಿಗೆ ಎಲ್ಲ ಹೇಳಿದ್ದ. ಮುದುಕಿ ಗೋಡೆ ಹಿಡಿದು ನಡೆದು ಬಂದಳು. ಸೊಸೆಯ ಮುಂದೆ ನಿಂತಳು. ಬೇಡಿಯ ಗುರುತು ಬಿದ್ದ ಮಣಿಕಟ್ಟನ್ನು ಸೆರಗಿನಿಂದ ಒರೆಸಿದಳು.

"ಏಳು ಬೇಟಿ," ಅಂದಳು ಕಡೆಗೆ. "ಅವರನ್ನ ಮನಿಗೆ ಕರಕೊಂಡ ಹೋಗಬೇಕು. ನನಗೊಬ್ಬಾಕಿಗೆ ಆಗೂದಿಲ್ಲ."