ಮೂರನೆಯ ವಕೀಲರು

"ಈ ವಕೀಲನೂ ಬೇಡ," ಎಂದ ಯೋಸ್ಟ್, ಮೆಟ್ಟಿಲಿಳಿಯುತ್ತ.

"ಇವನಿಗೇನಾಗಿದೆ?"

"ಮಾತಾಡ್ತಾ ಪೆನ್ನು ಕಚ್ತಾನೆ. ನೋಡ್ಲಿಲ್ವಾ?"

ಹೆನ್ರೀಕೆಗೆ ನಗು ಬಂತು. ಅವನಿಗೆ ಕಾಣಬಾರದೆಂದು ಮುಖ ತಿರುಗಿಸಿಕೊಂಡಳು. ಗಂಡನಿಂದ ಬಿಡುಗಡೆ ಕೊಡಿಸುವ ವಕೀಲರನ್ನು ಹುಡುಕುತ್ತ ಆ ಗಂಡನ ಜೊತೆಯಲ್ಲೇ ಜರ್ಮನಿಯ ಲ್ಯೂಬೆಕ್ ಊರೆಲ್ಲ ಅಲೆಯುವುದು, ಅವನು ಹೀಗೆ ನಗಿಸುವುದು. ಇದೆಂಥ ಹಣೆಬರಹ!

ಮೊದಲನೆಯ ವಕೀಲರು, "ಮನೆಯನ್ನೂ ನಿಮಗೇ ಕೊಡಿಸ್ತೀನಿ, ಅವರನ್ನ ಬೀದಿಗೆ ತರ್ತೀನಿ," ಎಂದಿದ್ದರು. ಅವರನ್ನು ಬೇಡವೆಂದವಳು ಅವಳೇ.

ಇವರ ನಡುವೆ ಜಗಳವೇನೂ ಇರಲಿಲ್ಲ. ದೋಣಿ ಕಟ್ಟುವ ಕಾರ್ಖಾನೆ ಮುಚ್ಚಿದ ಮೇಲೆ ಯೋಸ್ಟ್ ಮಾತು ಬಿಟ್ಟಿದ್ದ, ಅಷ್ಟೆ. ಏನಾಯಿತೆಂದು ಕೇಳಿದರೆ "ಏನಿಲ್ಲ." ಆ "ಏನಿಲ್ಲ"ದ ಜೊತೆ ಎರಡು ವರ್ಷ ಬಾಳಿ ಅವಳು ಸೋತುಹೋಗಿದ್ದಳು. ಬೇರೆಯಾಗೋಣ ಎಂದಾಗಲೂ ಅವನು ಹೂಂ ಎಂಬಂತೆ ತಲೆಯಾಡಿಸಿದ್ದ, ಅಷ್ಟೆ. ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆ ಹಿಡಿದು ವರ್ಷವಾಗಿತ್ತು.

ಮೂರನೆಯವರು ತಾಮ್ಸೆನ್ ಮೇಡಂ. ತಲೆ ನರೆತ, ಮೆತ್ತಗಿನ ದನಿಯ ಹೆಂಗಸು.

"ನಾನು ಒಬ್ಬರ ವಕೀಲೆ ಮಾತ್ರ ಆಗಬಹುದು. ಇನ್ನೊಬ್ಬರಿಗೆ ವಕೀಲರು ಬೇಕಿಲ್ಲ, ಒಪ್ಪಿದರೆ ಸಾಕು. ಯಾರ ಪರ ನಿಲ್ಲಲಿ?"

"ಅವಳ ಪರ," ಎಂದ ಯೋಸ್ಟ್.

"ಅವನ ಪರ," ಎಂದಳು ಹೆನ್ರೀಕೆ, ಅದೇ ಉಸಿರಿನಲ್ಲಿ.

ಮೇಡಂ ಇಬ್ಬರನ್ನೂ ನೋಡಿದರು. "ಇರಲಿ. ಬಿಡುಗಡೆಗೆ ಮೊದಲು ಒಂದು ವರ್ಷ ಬೇರೆ ಬಾಳಿರಬೇಕು, ಅದು ಕಾನೂನು. ವರ್ಷವಿಡೀ ಬೇರೆಯೇ ಇದ್ದಿರಾ? ಅಡುಗೆ?"

"ಬೇರೆನೇ," ಎಂದಳು. ಆಮೇಲೆ ಸುಳ್ಳಾಡಲು ಮನಸ್ಸು ಬರಲಿಲ್ಲ. "ಸೂಪ್ ಮಾತ್ರ... ಸ್ವಲ್ಪ ಜಾಸ್ತಿ ಆಗ್ಬಿಡುತ್ತೆ. ದಿನಾ."

"ಬಟ್ಟೆ?"

"ಒಟ್ಟಿಗೇ ಒಗೀತೀನಿ. ಅರ್ಧ ಮಷಿನ್ ಬಟ್ಟೆಗೆ ಯಾಕೆ ಅಷ್ಟು ನೀರು ಅಂತ."

"ಅವಳ ಸೈಕಲ್ಲಿಗೆ ಗಾಳಿ ನಾನು ಹಾಕೋದು," ಎಂದ ಯೋಸ್ಟ್ ತಪ್ಪಿತಸ್ಥನಂತೆ. "ಬೆಳಿಗ್ಗೆ ಕಾಫಿನೂ."

ತಾಮ್ಸೆನ್ ಮೇಡಂ ಕನ್ನಡಕ ತೆಗೆದರು. "ಕಾನೂನಿನ ಕಣ್ಣಿಗೆ ನೀವಿನ್ನೂ ಒಂದು ದಿನವೂ ಬೇರೆಯಾಗಿಲ್ಲ. ಬೇಕೆಂದರೆ ಇವತ್ತಿನಿಂದ ಶುರುಮಾಡಿ. ಕಾಫಿ ಸಹ ಇಲ್ಲ."

ಹೊರಗೆ ಬಸ್ ನಿಲ್ದಾಣದ ಬೆಂಚಿನ ಆ ತುದಿಗೆ ಅವನು, ಈ ತುದಿಗೆ ಹೆನ್ರೀಕೆ. ಇರಲೂ ಆಗದು, ಬಿಡಲೂ ಆಗದು. ಅದನ್ನು ಯಾವ ವಕೀಲರಿಗೆ ಹೇಳುವುದು?

"ಇವರು ಒಳ್ಳೆಯವರು ಕಣೋ. ಇವರಲ್ಲೂ ಏನಾದ್ರೂ ಐಬು ಹುಡುಕ್ತೀಯಾ?"

ಅವನು ಬೂಟು ನೋಡುತ್ತಲೇ ಮಾತಾಡಿದ. ಕಿವಿ ಕೆಂಪಾಗಿತ್ತು.

"ಐಬು ಅವರದಲ್ಲ. ಹೋಗ್ಬೇಡ ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ಕೆಲಸ ಇಲ್ದೋನು ಯಾವ ಮುಖ ಇಟ್ಕೊಂಡು ಇರು ಅನ್ಲಿ?"

"ದಡ್ಡ," ಎಂದಳು. "ಇಡೀ ವರ್ಷ ಇದನ್ನ ನುಂಗ್ಕೊಂಡು ಕೂತಿದ್ಯಾ?"

"ಹೋಗ್ಬೇಡ, ಹೆನ್ರೀಕೆ."

ಬಸ್ಸು ಬಂದು ಬಾಗಿಲು ತೆರೆಯಿತು. "ಹತ್ತುತ್ತೀರೋ ಇಲ್ವೋ?" ಎಂದ ಡ್ರೈವರ್.

ಹೆನ್ರೀಕೆ ಎದ್ದಳು. ಎದ್ದವಳು ಬಸ್ಸಿನ ಕಡೆ ಹೋಗದೆ, ಬೆಂಚಿನ ಆ ತುದಿಗೆ ಹೋಗಿ ಅವನಿಗೆ ಒತ್ತಿಕೊಂಡು ಕುಳಿತಳು.

"ನೀವು ಹೊರಡಿ," ಎಂದಳು ಡ್ರೈವರ್‌ಗೆ. "ಇವರು ಇನ್ನೂ ಮಾತಾಡ್ತಿದ್ದಾರೆ."