ಒಂದು ಕಿವಿಯಷ್ಟು ಎತ್ತರ

“ಹಿಮ್ಮಡಿ ಕೆಳಗಿಡಮ್ಮ. ನಾನು ನೋಡ್ತಾನೇ ಇದೀನಿ.”

ಪಿಟಿ ಸರ್ ಹಾಗೆ ಹೇಳಿದ ಮೇಲೆ ಅವಳು ಹಿಮ್ಮಡಿ ಕೆಳಗಿಡಲೇಬೇಕಾಯಿತು. ಗೋಡೆಗೆ ಬೆನ್ನು ಹಚ್ಚಿ, ಉಸಿರು ಬಿಗಿಹಿಡಿದು ನಿಂತಳು. ಸರ್ ಅವಳ ತಲೆಯ ಮೇಲೆ ಸ್ಕೇಲ್ ಇಟ್ಟು ಗೋಡೆಗೊಂದು ಗೆರೆ ಎಳೆದರು.

“ಸ್ಕೂಲ್ ಶುರುವಾದಾಗಿನಿಂದ ಒಂದು ಬೆರಳಿನ ಅಗಲ ಬೆಳೆದಿದೀಯ. ಗುಡ್. ನೆಕ್ಸ್ಟ್!”

“ಒಂದೇ ಬೆರಳಾ? ಇಲ್ಲ ಸರ್, ನಾನು ಒಂದು ಕಿವಿಯಷ್ಟು ಬೆಳೆದಿದೀನಿ!”

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು. ಅವಳ ಪಕ್ಕ ಕೂರುವ ಹುಡುಗಿಗೆ ರೇಡಿಯೋ ಅಂತ ಹೆಸರು, ಒಮ್ಮೆ ಶುರುವಾದರೆ ಆಫ್ ಆಗುವುದೇ ಇಲ್ಲ. “ಕಿವಿಯಷ್ಟಂತೆ! ವಾರದಿಂದ ಬುರುಡೆ ಬಿಡ್ತಿದ್ಲು. ಸುಳ್ಳಿ!” ಎಂದು ಅವಳು ಕೊನೆಯ ಸಾಲಿನವರೆಗೂ ಸುದ್ದಿ ಮುಟ್ಟಿಸಿದಳು.

ಬುರುಡೆ ಅಲ್ಲ. ಮನೆಯಲ್ಲಿ ಅಜ್ಜಿ ಬಟ್ಟೆ ಹೊಲಿಯುವ ಕೋಣೆಯಲ್ಲಿ ಆಳೆತ್ತರದ ಕನ್ನಡಿ ಇದೆ. ಸ್ಕೂಲ್ ಶುರುವಾದ ದಿನ ಅವಳು ಅಜ್ಜಿಯ ಪಕ್ಕ ನಿಂತು ನೋಡಿದಾಗ ಅವಳ ತಲೆ ಅಜ್ಜಿಯ ಕಿವಿಯ ಕೆಳತುದಿಗೆ ಬಂದಿತ್ತು. ಹೋದ ವಾರ ನೋಡಿದರೆ ಕಿವಿಯ ಮೇಲ್ತುದಿ! ಇಡೀ ಕ್ಲಾಸಿಗೆ ಗಿಡ್ಡಿಯಾದವಳಿಗೆ ಇದು ಸಣ್ಣ ವಿಷಯವೇ? ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದಳು. ಈಗ ನೋಡಿದರೆ ಗೋಡೆ ಒಂದು ಹೇಳುತ್ತದೆ, ಕನ್ನಡಿ ಇನ್ನೊಂದು ಹೇಳುತ್ತದೆ.

ಮನೆಗೆ ಬಂದವಳೇ ಬ್ಯಾಗ್ ಎಸೆದು ಅಜ್ಜಿಗೆ ಎಲ್ಲ ವರದಿ ಒಪ್ಪಿಸಿದಳು. ಅಜ್ಜಿ ಹೊಲಿಗೆ ಮಿಷನ್ ನಿಲ್ಲಿಸಿದಳು.

“ಯಾವನದು ಆ ಗೋಡೆ? ನನ್ನ ಗುಂಡುಸೂಜಿನ ಸುಳ್ಳಿ ಅಂದ್ರಾ? ಸೋಮವಾರ ನಾನೇ ಸ್ಕೂಲಿಗೆ ಬರ್ತೀನಿ. ಪಕ್ಕದಲ್ಲಿ ನಿಂತ್ಕೋತೀನಿ. ಕಣ್ಣಾರೆ ನೋಡ್ಲಿ!”

ಗುಂಡುಸೂಜಿ ಅಂದರೆ ಅವಳೇ. ಪುಟ್ಟದಾಗಿ ಚೂಪಾಗಿ ಇದ್ದಾಳೆಂದು ಅಜ್ಜಿ ಇಟ್ಟ ಹೆಸರು. ಅವಳಿಗೆ ಹೋದ ಜೀವ ಬಂದಂತಾಯಿತು.

“ಆದ್ರೆ ನಾಳೆ ಆ ಸ್ಕ್ಯಾನು ಒಂದಿದೆಯಲ್ಲ,” ಎಂದು ಅಜ್ಜಿ ಮುಖ ಹಿಂಡಿದಳು.

ಕೆಲವು ತಿಂಗಳಿಂದ ಅಜ್ಜಿಗೆ ಬೆನ್ನುನೋವು. ಡಾಕ್ಟರು ಮೂಳೆ ಎಷ್ಟು ಗಟ್ಟಿಯಾಗಿದೆ ಎಂದು ನೋಡುವ ಸ್ಕ್ಯಾನ್ ಮಾಡಿಸಿ ಅಂದಿದ್ದರು. ಆಸ್ಪತ್ರೆಯವರು ಫೋನ್ ಮಾಡಿ ಹೇಳಿದ್ದನ್ನೆಲ್ಲ ಅಮ್ಮ ಈಗ ಒದರತೊಡಗಿದಳು.

“ಊಟ ತಿಂಡಿ ಮಾಮೂಲಿ. ಕ್ಯಾಲ್ಸಿಯಂ ಮಾತ್ರೆ ಮಾತ್ರ ಇವತ್ತಿಂದ್ಲೇ ಬಂದ್.”

“ಅದ್ಹೇಗಮ್ಮಾ?” ಗುಂಡುಸೂಜಿಗೆ ತಲೆಬುಡ ತಿಳಿಯಲಿಲ್ಲ. “ಮೂಳೆ ಗಟ್ಟಿ ಇದೆಯಾ ಅಂತ ನೋಡೋಕೆ ಹೋಗೋವಾಗ ಮೂಳೆ ಗಟ್ಟಿ ಮಾಡೋ ಮಾತ್ರೆನೇ ಬೇಡ್ವಾ? ಎಕ್ಸಾಮ್ ಹಿಂದಿನ ದಿನ ಓದ್ಬೇಡ ಅಂದ ಹಾಗಾಯ್ತು!”

“ಮಾತ್ರೆ ಹೊಟ್ಟೇಲಿ ಕರಗದೆ ಉಳಿದ್ರೆ ಅದೂ ಚಿತ್ರದಲ್ಲಿ ಬೀಳುತ್ತಂತೆ. ಮೂಳೆ ಲೆಕ್ಕ ತಪ್ಪುತ್ತೆ. ಆಮೇಲೆ, ಬಟ್ಟೆಲಿ ಜಿಪ್ಪು, ಹುಕ್ಕು, ಲೋಹದ ಗುಂಡಿ ಏನೂ ಇರ್ಬಾರ್ದು.”

ಅಜ್ಜಿ ತನ್ನ ಕಾಲರ್ ನೋಡಿಕೊಂಡಳು. ಅಲ್ಲಿ ಸಾಲಾಗಿ ಗುಂಡುಸೂಜಿಗಳು ಚುಚ್ಚಿದ್ದವು. “ಅಯ್ಯೋ, ಈ ಲೆಕ್ಕದಲ್ಲಿ ನಾನು ಪೂರ್ತಿ ಕಬ್ಬಿಣದ ಅಂಗಡಿ!”

ಲೋಹವಿಲ್ಲದ ಬಟ್ಟೆ ಹುಡುಕಿದರೆ ಮನೆಯಲ್ಲಿ ಒಂದೂ ಸಿಗಲಿಲ್ಲ. ಕೊನೆಗೆ ಅಜ್ಜಿ ತನ್ನ ಉದ್ದ ಸ್ಕರ್ಟಿನ ಜಿಪ್ಪನ್ನೇ ಬಿಚ್ಚಿದಳು. ಅದರ ಜಾಗಕ್ಕೆ ಲಾಡಿ ಹಾಕಬೇಕು. ಲಾಡಿ, ದಾರ, ಗುಂಡಿ ಎಲ್ಲ ಇರುವ ಡಬ್ಬ ಮೇಲಿನ ಶೆಲ್ಫಿನಲ್ಲಿತ್ತು. ಅಜ್ಜಿ ಕೈ ಚಾಚಿದಳು, ಸಿಗಲಿಲ್ಲ. ಗೊಣಗುತ್ತಾ ಸ್ಟೂಲ್ ಹತ್ತಿದಳು.

“ಮೊದಲೆಲ್ಲ ನಿಂತಲ್ಲೇ ಕೈಗೆ ಸಿಗ್ತಿತ್ತು. ಈ ಶೆಲ್ಫನ್ನ ಯಾರು ಮೇಲಕ್ಕೆ ಹೊಡೆಸಿದ್ದು?”

“ಯಾರೂ ಮುಟ್ಟಿಲ್ಲ,” ಅಂದಳು ಅಮ್ಮ.

ಲಾಡಿ ಹಾಕಿದ ಸ್ಕರ್ಟ್ ಉಟ್ಟು ಅಜ್ಜಿ ಕನ್ನಡಿ ಮುಂದೆ ನಿಂತಳು. ಅಂಚು ನೆಲ ಗುಡಿಸುತ್ತಿತ್ತು.

“ಬಟ್ಟೆ ಹಿಗ್ಗಿದೆ,” ಎಂದು ಅಜ್ಜಿ ತೀರ್ಪು ಕೊಟ್ಟು ಅಂಚು ಮಡಿಸಿ ಹೊಲಿದಳು.

ಗುಂಡುಸೂಜಿಗೆ ಇನ್ನಷ್ಟು ಗೊಂದಲ. ಒಗೆದರೆ ಅವಳ ಯೂನಿಫಾರ್ಮ್ ಕುಗ್ಗುತ್ತದೆ. ಅಜ್ಜಿಯ ಸ್ಕರ್ಟ್ ಹಿಗ್ಗುತ್ತದೆಯೇ? ಸ್ಕೂಲಿನ ಗೋಡೆ ತಪ್ಪು, ಶೆಲ್ಫ್ ಮೇಲೆ ಹೋಗಿದೆ, ಬಟ್ಟೆ ಹಿಗ್ಗಿದೆ. ಎಲ್ಲಾ ಬಿಟ್ಟು ಸರಿಯಾಗಿ ಇರುವವಳು ಅಜ್ಜಿ ಒಬ್ಬಳೇ.

ಮರುದಿನ ಆಸ್ಪತ್ರೆಯಲ್ಲಿ ಅಮ್ಮ ಕೌಂಟರಿನ ಸಾಲಿನಲ್ಲಿ ನಿಂತಳು. ಅಜ್ಜಿ, ಮೊಮ್ಮಗಳು ಸ್ಕ್ಯಾನ್ ಕೋಣೆಯ ಹೊರಗೆ ನರ್ಸ್ ಮುಂದೆ ಕೂತರು.

“ಕ್ಯಾಲ್ಸಿಯಂ ಮಾತ್ರೆ ತಗೊಂಡಿಲ್ಲ ತಾನೇ?”

“ಇಲ್ಲಮ್ಮ.”

“ಸರಿ. ಎತ್ತರ ನೋಡ್ತೀನಿ, ಬನ್ನಿ.”

“ನೋಡೋದೇನು? ಐದು ಅಡಿ ಒಂದು ಇಂಚು. ಬರ್ಕೊಳ್ಳಿ,” ಅಂದಳು ಅಜ್ಜಿ. “ನಾನು ಟೈಲರು. ನೀವು ಬಾಗಿಲಲ್ಲಿ ಬಂದಾಗ್ಲೇ ನಿಮ್ಮ ತೋಳಿನ ಅಳತೆ ಹೇಳ್ಬಲ್ಲೆ.”

ನರ್ಸ್ ನಕ್ಕಳು. “ಹೇಳಿ ನೋಡೋಣ. ಆದ್ರೆ ಮೊದ್ಲು ಚಪ್ಪಲಿ ಬಿಟ್ಟು ಇಲ್ಲಿ ನಿಂತ್ಕೊಳ್ಳಿ.”

ಅಜ್ಜಿ ಅಳತೆ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಮೇಲಿನ ಪಟ್ಟಿ ಇಳಿಯಿತು, ಇನ್ನೂ ಇಳಿಯಿತು, ಆಮೇಲೆ ಅಜ್ಜಿಯ ತಲೆಗೆ ತಗುಲಿತು.

“ನಾಲ್ಕು ಅಡಿ ಹನ್ನೊಂದು,” ಅಂದಳು ನರ್ಸ್.

“ನಿಮ್ಮ ಕಂಬ ಸರಿಯಿಲ್ಲ!”

ಅಜ್ಜಿ ಬ್ಯಾಗಿನಿಂದ ಅಳತೆ ಟೇಪ್ ಎಳೆದಳು. ಇಷ್ಟು ವರ್ಷ ಊರವರ ಅಳತೆಯನ್ನೆಲ್ಲ ಹಿಡಿದಿದ್ದ ಟೇಪು ಅದು. ಗುಂಡುಸೂಜಿ ಕೆಳಗಿನ ತುದಿ ನೆಲಕ್ಕೆ ಒತ್ತಿ ಹಿಡಿದಳು. ಅಜ್ಜಿ ಕಂಬವನ್ನೇ ಅಳೆದಳು. ಕಣ್ಣು ಕಿರಿದು ಮಾಡಿ ನೋಡಿದಳು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು.

ಟೇಪೂ ಕಂಬವೂ ಒಂದೇ ಮಾತು ಹೇಳುತ್ತಿದ್ದವು.

ಅಜ್ಜಿ ಟೇಪನ್ನು ಸುತ್ತದೆಯೇ ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟಳು.

“ಬೆನ್ನಿನ ಮೂಳೆ ಸವೆದ್ರೆ ಹೀಗಾಗ್ಬಹುದು ಅಮ್ಮ,” ನರ್ಸ್ ಮೆಲ್ಲಗೆ ಹೇಳಿದಳು. “ಒಂದರ ಮೇಲೊಂದು ಕುಸಿದು ಕೂತ್ಬಿಡುತ್ತೆ. ನಿಮಗೂ ಹಾಗೇ ಆಗಿದೆಯಾ ಅಂತ ಡಾಕ್ಟರ್ ನೋಡ್ತಾರೆ. ಅದಕ್ಕೇ ಈ ಸ್ಕ್ಯಾನು. ಟೇಪ್ ಇಲ್ಲೇ ಬಿಡಿ, ತುದೀಲಿ ಲೋಹ ಇದೆ. ಒಳಗೆ ಅಲುಗಾಡದೆ ಮಲಗಿದ್ರೆ ಸಾಕು, ನೋವಾಗಲ್ಲ.”

ಅಜ್ಜಿ ಟೇಪನ್ನು ಮೊಮ್ಮಗಳ ಕೊರಳಿಗೆ ಹಾಕಿ ಒಳಗೆ ಹೋದಳು. ಹೊಸ ಅಂಚು ಹೊಲಿದ ಸ್ಕರ್ಟ್ ಈಗ ನೆಲಕ್ಕೆ ತಾಗುತ್ತಿರಲಿಲ್ಲ.

ಗುಂಡುಸೂಜಿ ಆ ಅಂಚನ್ನೇ ನೋಡುತ್ತಿದ್ದಳು. ಬಟ್ಟೆ ಹಿಗ್ಗಿರಲಿಲ್ಲ. ಶೆಲ್ಫೂ ಮೇಲೆ ಹೋಗಿರಲಿಲ್ಲ. ಪಿಟಿ ಸರ್ ಗೋಡೆಯೂ ಸರಿಯಾಗಿಯೇ ಇತ್ತು. ಅವಳು ಬೆಳೆದದ್ದು ಒಂದೇ ಬೆರಳು. ಕಿವಿಯ ಅಳತೆಯಲ್ಲಿ ಉಳಿದದ್ದೆಲ್ಲ ಅಜ್ಜಿ ಕುಗ್ಗಿದ್ದು. ಅದನ್ನೇ ಅವಳು ವಾರವಿಡೀ ಖುಷಿಯಿಂದ ಸಾರಿದ್ದಳು.

“ಆಂಟಿ, ಅಜ್ಜಿ ಮತ್ತೆ ಮೊದಲಿನಷ್ಟು ಉದ್ದ ಆಗ್ತಾರಾ?”

“ಹೋಗಿದ್ದು ವಾಪಸ್ ಬರೋದು ಕಷ್ಟ ಪುಟ್ಟಿ. ಇನ್ನೂ ಹೋಗದ ಹಾಗೆ ನೋಡ್ಕೋಬಹುದು. ಔಷಧಿ ಇದೆ. ಬೀಳದ ಹಾಗೆ ಮಾತ್ರ ಹುಷಾರಾಗಿರ್ಬೇಕು.”

ಬಸ್ಸಿನಲ್ಲಿ ಬರುವಾಗ ಅಜ್ಜಿ ಕಿಟಕಿಯ ಕಡೆಯೇ ನೋಡುತ್ತಿದ್ದಳು. ಆಮೇಲೆ ಕೇಳಿದಳು, “ಸೋಮವಾರ ನಿನ್ನ ಸ್ಕೂಲಿಗೆ ಎಷ್ಟೊತ್ತಿಗೆ ಬರ್ಲಿ?”

“ಬೇಡ ಅಜ್ಜಿ.”

“ಯಾಕೇ? ಸುಳ್ಳಿ ಅಂತಾರಲ್ಲ?”

“ಅನ್ಲಿ ಬಿಡು. ಅಷ್ಟೊತ್ತಿಗೆ ರೇಡಿಯೋಗೆ ಬೇರೆ ಸುದ್ದಿ ಸಿಕ್ಕಿರುತ್ತೆ.”

ಅಜ್ಜಿ ಅವಳ ಮುಖವನ್ನೇ ನೋಡಿದಳು.

ಮನೆಗೆ ಬಂದ ಮೇಲೆ ಅಜ್ಜಿ ನೇರ ಹೊಲಿಗೆ ಕೋಣೆಗೆ ಹೋದಳು. “ಬಾ ಇಲ್ಲಿ. ಪಕ್ಕ ನಿಂತ್ಕೋ, ನೋಡೋಣ.”

ಗುಂಡುಸೂಜಿ ನಿಧಾನಕ್ಕೆ ಹೋಗಿ ನಿಂತಳು. ಕನ್ನಡಿಯಲ್ಲಿ ತನ್ನ ತಲೆ ಅಜ್ಜಿಯ ಕಿವಿಯ ಮೇಲ್ತುದಿಗೆ ಬಂದದ್ದು ಕಂಡಿತು. ಅವಳು ಫ್ರಾಕಿನೊಳಗೆ ಮೆಲ್ಲಗೆ ಮಂಡಿ ಬಗ್ಗಿಸಿದಳು. ತಲೆ ಇಳಿಯಿತು. ಕಿವಿಯ ನಡುವಿಗೆ, ಅಲ್ಲಿಂದ ಕೆಳತುದಿಗೆ.

“ನೋಡು ಅಜ್ಜಿ. ಮೊದಲಿನ ಹಾಗೇ ಇದೆ.”

“ಹೌದಾ? ಹಾಗಾದ್ರೆ ನಿನ್ನ ಫ್ರಾಕಿನ ಅಂಚು ಯಾಕೆ ಕೆಳಗೆ ಇಳೀತು?” ಅಜ್ಜಿ ತಿರುಗಿ ನೋಡಲೂ ಇಲ್ಲ. “ಟೈಲರ್ ಕಣ್ಣಿಗೆ ಮಣ್ಣೆರಚ್ತೀಯಾ? ಮಂಡಿ ನೆಟ್ಟಗೆ ಮಾಡು.”

ಗುಂಡುಸೂಜಿ ಅಲುಗಲಿಲ್ಲ. ಕನ್ನಡಿಯೆಲ್ಲ ಮಂಜಾಗಿ ಕಂಡಿತು.

“ನಾನಂತೂ ಕುಗ್ಗಿದೆ. ನೀನೂ ಬಗ್ಗಿ ನಿಂತ್ರೆ ಮೇಲಿನ ಡಬ್ಬ ಯಾರೇ ತೆಗೆಯೋದು?”

ಅವಳು ಮಂಡಿ ನೆಟ್ಟಗೆ ಮಾಡಿದಳು. ಅಜ್ಜಿ ಕೈಯಿಂದ ಅವಳ ನೆತ್ತಿ ಸವರಿ, ಆ ಕೈಯನ್ನು ಹಾಗೇ ತನ್ನ ಕಿವಿಗೆ ತಂದಳು. “ಹ್ಞೂಂ. ಸರಿಯಾಗಿದೆ.”

ಆಮೇಲೆ ಅಜ್ಜಿ ಸ್ಕರ್ಟ್ ಬದಲಿಸಿ, ಬಿಚ್ಚಿದ ಜಿಪ್ಪನ್ನು ಮತ್ತೆ ಹಾಕಲು ಕೂತಳು. ದಾರಕ್ಕೆ ಡಬ್ಬ ಬೇಕಿತ್ತು. ಅಭ್ಯಾಸಬಲದಿಂದ ಎದ್ದು ಸ್ಟೂಲಿಗೆ ಕೈ ಹಾಕಿದಳು.

ಅಷ್ಟರಲ್ಲಿ ಗುಂಡುಸೂಜಿ ಸ್ಟೂಲ್ ಹತ್ತಿ ಆಗಿತ್ತು.

“ನೀನು ಗಟ್ಟಿ ಹಿಡ್ಕೋ ಅಜ್ಜಿ. ಸಾಕು.”

ಅಜ್ಜಿ ಎರಡೂ ಕೈಯಲ್ಲಿ ಸ್ಟೂಲ್ ಹಿಡಿದಳು. ಡಬ್ಬ ಕೈಗೆ ಬಂತು. ಕೆಳಗೆ ನೋಡಿದರೆ ಅಜ್ಜಿಯ ನೆತ್ತಿ, ಬೈತಲೆಯ ಸುತ್ತ ಬೆಳ್ಳಗಿನ ಕೂದಲು. ಇಷ್ಟು ಮೇಲಿನಿಂದ ಅವಳು ಅಜ್ಜಿಯನ್ನು ಯಾವತ್ತೂ ನೋಡಿರಲಿಲ್ಲ.

“ಸಿಕ್ತೇನೇ?” ಅಜ್ಜಿ ಮುಖ ಎತ್ತಿ ಕೇಳಿದಳು.

“ಸಿಕ್ತು,” ಎಂದು ಅವಳು ಡಬ್ಬವನ್ನು ಮತ್ತೆ ಮೇಲಿಡದೆ, ಅಜ್ಜಿಯ ಕೈಗೆಟಕುವ ಕೆಳಗಿನ ಶೆಲ್ಫಿನಲ್ಲಿ ಇಟ್ಟಳು.