ಅಜ್ಜನ ಎದೆಯ ಮ್ಯಾಪು

“ಗ್ಯಾಸ್ ರೀ ಡಾಕ್ಟರ್, ಬರೇ ಗ್ಯಾಸ್!” ಎಂದ ಸ್ನೇಹಲ್‌ಳ ಅಪ್ಪಾಸಾಹೇಬ ಕಾಕಾ.

ಏನು ತ್ರಾಸು ಎಂದು ಡಾಕ್ಟರ್ ಪ್ರೇಮಾವತಿ ಕೇಳಿದ್ದು ಅವನನ್ನಲ್ಲ, ಸ್ಟೂಲ್ ಮೇಲೆ ಕುಳಿತಿದ್ದ ಅವಳ ಅಜ್ಜ ರಾಮಲಿಂಗಪ್ಪನನ್ನು. ಆದರೆ ಅವರ ಮನೆಯಲ್ಲಿ ರೋಗ ಒಬ್ಬರಿಗೆ ಬಂದರೆ ಉತ್ತರ ಉಳಿದವರಿಗೆಲ್ಲ ಬರುತ್ತಿತ್ತು.

“ಬಟಾಟಿ ಭಜಿ ತಿಂದಾರ್ರಿ,” ಎಂದಳು ಅಜ್ಜಿ ರುದ್ರವ್ವ. “ಅಜವಾನದ ನೀರು ಕುಡಿಸೀನಿ.”

“ಒಂದು ಸೋಡಾ ಕುಡದ್ರ ಮುಗೀತು,” ಎಂದ ಕಾಕಾ. ಅವನು ಓದಿದ್ದು ಬಿ.ಕಾಂ. ಆದರೂ ಓಣಿಯವರ ರೋಗಗಳೆಲ್ಲ ಅವನಿಗೆ ಬಾಯಿಪಾಠ. ಅದರಲ್ಲೂ ಪುಣೆಯಲ್ಲಿ ಕನ್ನಡ ಮಾತಾಡುವ ಡಾಕ್ಟರ್ ಸಿಕ್ಕಿದ್ದಾರೆ, ಬಿಡುತ್ತಾನೆಯೇ?

ಡಾಕ್ಟರ್ ಅಜ್ಜನ ಕಡೆಗೇ ನೋಡಿದರು. “ನಿಮಗ 2002ರಾಗ ಹಾರ್ಟ್ ಅಟ್ಯಾಕ್ ಆಗೇದ. ಆ ಗಾಯ ಮಾಗಿ, ಒಳಗ ಕಲೆ ಉಳದದ. ಹಾರ್ಟಿನ ಕರೆಂಟು ಅದರ ಸುತ್ತ ಗಿರಕಿ ಹೊಡದ್ರ ಎದಿ ಹುಚ್ಚಾಗಿ ಓಡತದ, ಜ್ಞಾನ ತಪ್ಪತದ. ಹಂಗೇನರ ಆಗೇದೇನು?”

“ಇಲ್ಲ!” ಮೂವರೂ ಒಟ್ಟಿಗೆ ಹೇಳಿದರು. ಅಜ್ಜನ ದನಿಯೇ ಎಲ್ಲರಿಗಿಂತ ಜೋರು.

ಅಜ್ಜಿಯ ಪಕ್ಕದಲ್ಲಿ ನಿಂತಿದ್ದ ಸ್ನೇಹಲ್ ಫ್ರಾಕಿನ ಅಂಚು ತಿರುವಿದಳು. ಹೋದ ಭಾನುವಾರ ಭೋಸರಿಯ ತಮ್ಮ ನಟ್-ಬೋಲ್ಟ್ ಅಂಗಡಿಯಲ್ಲಿ ಅಜ್ಜ ಎದೆ ಹಿಡಿದುಕೊಂಡು ಕೌಂಟರಿನ ಹಿಂದೆ ಬಿದ್ದಿದ್ದ. ಅವಳು ಕೂಗಿದರೂ ಕಣ್ಣು ತೆರೆದಿರಲಿಲ್ಲ. ಎದ್ದ ಮೇಲೆ, “ಮನ್ಯಾಗ ಹೇಳಬ್ಯಾಡವಾ, ಸ್ಕೂಟರ್ ಚಾವಿ ಕಸಗೋತಾರ. ನನ್ನ ಆಣಿ ಅದ ನಿನಗ,” ಎಂದಿದ್ದ.

ಅಜ್ಜನ ಆಣೆ! ಮುರಿದರೆ ಅಜ್ಜನಿಗೇ ಕೆಡುಕಂತೆ. ಹೇಳದಿದ್ದರೆ?

“ಒಂದು ಗ್ಯಾಸಿನ ಗುಳಿಗಿ ಬರದುಬಿಡ್ರಿ,” ಎನ್ನುತ್ತ ಕಾಕಾ ಎದ್ದೇಬಿಟ್ಟ.

“ಡಾಕ್ಟರ್,” ಸ್ನೇಹಲ್ ಮೇಜಿನ ಹತ್ತಿರ ಬಂದಳು, “ಆಣಿ ಮುರದ್ರ ಜನ ಸಾಯತಾರೇನ್ರಿ?”

“ನನ್ನ ಪುಸ್ತಕದಾಗ ಅಂಥಾ ರೋಗ ಇಲ್ಲವಾ. ಯಾಕ?”

“ಅಜ್ಜ ಅಂಗಡ್ಯಾಗ ಬಿದ್ದಿದ್ದ. ಎಷ್ಟು ಕರದ್ರೂ ಏಳಲಿಲ್ಲ.”

ಎದ್ದಿದ್ದ ಕಾಕಾ ಮತ್ತೆ ಕುರ್ಚಿಗೆ ಒರಗಿದ. ಅಜ್ಜ ಮುಖ ತಿರುಗಿಸಿದ.

ಅಂದೇ ಅಡ್ಮಿಟ್ ಮಾಡಿದರು. ತೊಡೆಯಿಂದ ಎದೆಗೆ ಸಣ್ಣ ವೈರ್ ಕಳಿಸಿ, ಕರೆಂಟು ಓಡುವ ದಾರಿಗಳ ಮ್ಯಾಪ್ ತೆಗೆಯುತ್ತಾರಂತೆ. ಕೆಟ್ಟ ದಾರಿ ಸಿಕ್ಕರೆ ಅಲ್ಲೇ ಸುಟ್ಟು ಮುಚ್ಚುತ್ತಾರಂತೆ.

“ಮ್ಯಾಪಿಗ್ಯಾಕ ಇಷ್ಟು ತ್ರಾಸು? ಪುಣೆದ ಗಲ್ಲಿಗಲ್ಲಿ ನಾ ಬಾಯಾಗ ಹೇಳತೀನಿ,” ಎಂದ ಕಾಕಾ.

“ಈ ದಾರಿ ಹುಡಕಲಿಕ್ಕೆ ಆ ಕೆಟ್ಟ ಬಡಿತಾನ ನಾವೇ ಬೇಕಂತ ಎಬ್ಬಸಬೇಕಾಗತದ,” ಎಂದರು ಡಾಕ್ಟರ್.

ಕಾಕಾ ಹೊಟ್ಟೆ ಹಿಡಿದುಕೊಂಡು ಕುಳಿತ. “ನನಗ್ಯಾಕೋ ಗ್ಯಾಸ್ ಆದಂಗ ಆಗೇದ.”

ಎರಡು ದಿನ ಅಜ್ಜ ಸ್ನೇಹಲ್ ಜೊತೆ ಮಾತಾಡಲಿಲ್ಲ. ಅವಳಿಗೆ ಊಟ ಸೇರಲಿಲ್ಲ. ಪುಸ್ತಕದಲ್ಲಿ ಇಲ್ಲದಿದ್ದರೇನು, ಆಣೆ ಪುಸ್ತಕ ಓದಿ ಬರುತ್ತದೆಯೇ?

ಮೂರನೆಯ ದಿನ ಅಜ್ಜನನ್ನು ಒಳಗೆ ಕರೆದೊಯ್ದರು. ಸ್ನೇಹಲ್ ನಾಲ್ಕು ತಾಸು ಬಾಗಿಲನ್ನೇ ನೋಡುತ್ತ ಕುಳಿತಳು. ಕೊನೆಗೆ ಡಾಕ್ಟರ್ ಬಣ್ಣಬಣ್ಣದ ಒಂದು ಚಿತ್ರ ತಂದು ತೋರಿಸಿದರು. ನಡುವೆ ಬೂದುಬಣ್ಣದ ಕಲೆ. “ಇದರ ಬಾಜೂಕ ದಾರಿ ಸಿಕ್ಕಿತು. ಮುಚ್ಚೀವಿ.” ಸ್ನೇಹಲ್‌ಗೆ ಆಗ ಅಳು ಬಂತು.

ಸಂಜೆ ಎಲ್ಲರೂ ಅಜ್ಜನ ಮಂಚ ಮುತ್ತಿಕೊಂಡರು.

“ಹೆಂಗದೀರಿ?” ಡಾಕ್ಟರ್ ಕೇಳಿದರು.

“ಏಕದಂ ಆರಾಮ್ ಅದಾರ್ರಿ!” ಎಂದ ಕಾಕಾ.

“ತೇಗೂ ಬಂತ್ರಿ!” ಎಂದಳು ಅಜ್ಜಿ.

ಅಜ್ಜ ಕೈ ಎತ್ತಿದ. “ನಂದು ನಾ ಹೇಳತೀನಿ. ಎದಿ ಆರಾಮ್ ಅದ ರೀ. ಆದ್ರ ಭಾಳ ಹೆದರಿದ್ದೆ. ಬಿದ್ದ ದಿನದಿಂದನೂ ಹೆದರಿದ್ದೆ.”

ಹಾಗಾದರೆ ಅಜ್ಜ ಆಣೆ ಹಾಕಿದ್ದು ಬರೀ ಸ್ಕೂಟರ್ ಚಾವಿಗಲ್ಲ, ಹೆದರಿಕೆಗೂ. ಸ್ನೇಹಲ್ ಅಜ್ಜನನ್ನೇ ನೋಡಿದಳು. ವೈರ್ ಹಾಕಿದ ಕಾಲು ಅಲುಗಿಸಬಾರದೆಂದು ಹೇಳಿದ್ದರಿಂದ ಅಜ್ಜ ಮಲಗಿದಲ್ಲಿಂದಲೇ, ಬಾ ಕೂಡು ಎನ್ನುವಂತೆ ಮಂಚದ ಅಂಚು ತಟ್ಟಿದ.

ಅವಳು ಹೋಗಿ ಕುಳಿತು ಅಜ್ಜನ ಕೈ ಹಿಡಿದಳು. ಅದು ಇನ್ನೂ ಸಣ್ಣಗೆ ನಡುಗುತ್ತಿತ್ತು. ಇದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ.